ಪಂಡಿತಾ ರಮಾಬಾಯಿಯವರು

ಹಂಪೆಯ ಬಂಡೆಗಳ ನಡುವೆಯೂ ಕಂಪ್ಲಿಯ ಗದ್ದೆಗಳ ಮಗ್ಗುಲಲ್ಲಿಯೂ ಹರಿದುಹೋಗುವ ನಮ್ಮ ತುಂಗಭದ್ರೆಯ ಮೂಲವು ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯದಲ್ಲಿರುವುದಷ್ಟೆ. ಅದೇ ಅರಣ್ಯದಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ಪಂಡಿತಾ ರಮಾಬಾಯಿಯವರು ಜನಿಸಿದರು. ಶಾಲೆಯ ಮೆಟ್ಟಿಲನ್ನೇ ಹತ್ತದೆ ವಿದ್ಯೆಯನ್ನು ಸಂಪಾದಿಸಿದ ಈ ಮಹನೀಯಳ ಚರಿತ್ರೆಯು, 2020ನೆಯ ಇಸವಿಯಲ್ಲಿ ಶಾಲೆಯ ಬಾಗಿಲು ಮುಚ್ಚಿದುದನ್ನು ಕಂಡ ನಮ್ಮ ವಿದ್ಯಾರ್ಥಿನಿಯರಿಗೆ ವಿಶೇಷವಾಗಿ ತಿಳಿದಿರತಕ್ಕದ್ದು.

ಆಕೆಯ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಸಂಸ್ಕೃತದಲ್ಲಿ ಘನ ವಿದ್ವಾಂಸರು. ಹೆಂಡತಿಯಾದ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದ್ದರಿಂದ ಸ್ವಜನರ ವಿರೋಧಕ್ಕೆ ಗುರಿಯಾದರು. ಸ್ತ್ರೀಯರಿಗೆ ವಿದ್ಯೆಯು ಶಾಸ್ತ್ರವಿರುದ್ಧವಲ್ಲವೆಂದು ಉಡುಪಿಯ ವಿದ್ವಾಂಸರ ಮುಂದೆ ವಾದಿಸಬೇಕಾಯಿತು. ರಮಾಬಾಯಿಯು ಇನ್ನೂ ಕೈಗೂಸಾಗಿರುವಾಗಲೇ ಆ ಕುಟುಂಬವು ಆಶ್ರಮವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಘಟ್ಟವನ್ನಿಳಿಸಿದರಂತೆ. ಅಂದಿನಿಂದ ಆಕೆಗೆ ನಿಂತ ಮನೆಯಿಲ್ಲ. ಮಣೆ, ಹಲಗೆಗಳ ಶಾಲೆಯಂತೂ ಇಲ್ಲವೇ ಇಲ್ಲ. ನಸುಕಿನಲ್ಲಿ ಮನೆಗೆಲಸವು ಮೊದಲಾಗುವುದಕ್ಕೆ ಮುಂಚೆ ತಾಯಿಯು ಮಗಳನ್ನೆಬ್ಬಿಸಿ ಬಾಯಿಪಾಠ ಹೇಳಿಕೊಡುವಳು. ಇಂದು ಒಂದು ದೇವಾಲಯದ ಜಗಲಿ, ನಾಳೆ ಒಂದು ಮರದಡಿ. ಊರು ಬದಲಾದರೂ ಪಾಠದ ಹೊತ್ತು ಬದಲಾಗಲಿಲ್ಲ. ಹೀಗೆಯೇ ಭಾಗವತವು ಆ ಬಾಲಿಕೆಗೆ ಕಂಠಸ್ಥವಾಯಿತು.

1870ರ ದಶಕದ ಕ್ಷಾಮದಲ್ಲಿ ತಂದೆಯೂ ತಾಯಿಯೂ ಅಕ್ಕನೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನೊಡನೆ ಆಕೆಯು ಕಾಲ್ನಡೆಯಿಂದ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದಳು. ಅಲ್ಲಿನ ವಿದ್ವಾಂಸರು ಪರೀಕ್ಷಿಸಿ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಆದರೆ ದುಃಖವು ಬೆನ್ನು ಬಿಡಲಿಲ್ಲ. 1880ರಲ್ಲಿ ಅಣ್ಣನು ಸತ್ತನು. ಅದೇ ವರ್ಷ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ವರಿಸಿದಳು; 1882ರಲ್ಲಿ ವಾಂತಿಭೇದಿಯು ಅವರನ್ನೂ ಒಯ್ದಿತು. ಕೈಯಲ್ಲಿ ಎಳೆಯ ಮಗಳು ಮನೋರಮೆ, ವಯಸ್ಸು ಇಪ್ಪತ್ತಮೂರು.

ತನ್ನಂತಹ ವಿಧವೆಯರ ಗತಿಯೇನೆಂಬ ಚಿಂತೆಯೇ ಆ ಬಳಿಕ ಆಕೆಯ ಬಾಳಿನ ಉದ್ಯೋಗವಾಯಿತು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಮಗಳೊಡನೆ ದೀಕ್ಷಾಸ್ನಾನ ಹೊಂದಿದರು. 1886ರಲ್ಲಿ ಅಮೆರಿಕೆಗೆ ತೆರಳಿ, ಪುಸ್ತಕ ಬರೆದು, ಉಪನ್ಯಾಸವಿತ್ತು, ಸಹಾಯಕರನ್ನು ಕೂಡಿಸಿ, 1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮೊದಲು ಬಂದ ವಿಧವೆಯರಲ್ಲಿ ಗೋದೂಬಾಯಿ ಎಂಬವಳೊಬ್ಬಳು. ಮುಂದೆ ಆಕೆಯು ಧೋಂಡೊ ಕೇಶವ ಕರ್ವೆಯವರ ಪತ್ನಿಯಾದಳು.

ಸದನವು ಪುಣೆಗೆ ಹೋದ ಮೇಲೆ ಕಠಿನ ಪರೀಕ್ಷೆಯೊದಗಿತು. ಹುಡುಗಿಯರು ಮತಾಂತರಗೊಳ್ಳುವರೆಂಬ ಕೋಲಾಹಲವೆದ್ದು 1893ರಲ್ಲಿ ರಾನಡೆ, ಭಂಡಾರ್ಕರ್ ಮುಂತಾದ ಸಲಹೆಗಾರರು ದೂರ ಸರಿದರು. ಪೋಷಕರು ಬಂದು ಮಕ್ಕಳನ್ನು ಕರೆದೊಯ್ದರು. ತುಂಬಿದ ಕೊಠಡಿಗಳು ಬರಿದಾಗುವುದನ್ನು ನೋಡುವುದು ಉಪಾಧ್ಯಾಯಿನಿಗೆ ಎಂತಹ ವ್ಯಥೆಯೆಂಬುದನ್ನು ಈಗ ನಾವೂ ಬಲ್ಲೆವು. ರಮಾಬಾಯಿಯವರಾದರೋ ಉಳಿದವರಿಗೆ ಪಾಠವನ್ನು ನಿಲ್ಲಿಸಲಿಲ್ಲ.

1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ಅನಾಥ ಬಾಲಿಕೆಯರನ್ನು ಕರೆತಂದರು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿ, ನಿಲಯದಲ್ಲಿ ಇನ್ನಷ್ಟು ಜನರನ್ನು ಸೇರಿಸಕೂಡದೆಂದು ಅಧಿಕಾರಿಗಳು ತಡೆದರು. ಆಗ ಕೇಡಗಾಂವಿನಲ್ಲಿ ತಾವು ಕೊಂಡಿದ್ದ ಹೊಲಕ್ಕೆ ಹುಡುಗಿಯರನ್ನು ಸಾಗಿಸಿದರು. ಕಟ್ಟಡವಿಲ್ಲ, ಡೇರೆಗಳೂ ತಾತ್ಕಾಲಿಕ ಗುಡಿಸಲುಗಳೂ ಮಾತ್ರ. ಆದರೂ ಅದು ಶಾಲೆಯೇ ಆಗಿದ್ದಿತು. ಗುಂಪು ಗುಂಪಾಗಿ ಹಂಚಿ ಒಂದೊಂದಕ್ಕೆ ಒಬ್ಬ ಹಿರಿಯಳನ್ನು ನಿಯಮಿಸಿದರು. ಮೊದಲು ಕಲಿತವರು ಹಿಂದೆ ಬಂದವರಿಗೆ ಕಲಿಸಿದರು. ಹೊಲಿಗೆ, ನೇಯ್ಗೆ, ಬೇಸಾಯ, ಅಚ್ಚುಕೆಲಸಗಳು ಬೆಳೆದುವು. ಕುರುಡಿಯರಿಗೆ ಮನೋರಮಾಬಾಯಿಯವರು ಬ್ರೈಲ್ ಲಿಪಿಯನ್ನು ಕಲಿಸಿದರು. ಅದೇ ಮುಕ್ತಿ ಸದನವು. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಆಶ್ರಯ ಪಡೆದಿದ್ದರು. ಮುಂದೆ ನಮ್ಮ ಕನ್ನಡ ನಾಡಿನ ಗುಲ್ಬರ್ಗದಲ್ಲಿಯೂ ಹೆಣ್ಣುಮಕ್ಕಳ ಶಾಲೆಯೊಂದು ತೆರೆಯಲ್ಪಟ್ಟು ಮನೋರಮಾಬಾಯಿಯವರ ಮೇಲ್ವಿಚಾರಣೆಯಲ್ಲಿ ನಡೆಯಿತು.

1921ರಲ್ಲಿ ಆ ಮಗಳೂ ತೀರಿಕೊಂಡಳು. ಮುದುಕಿಯಾದ ತಾಯಿಯು ಬೈಬಲಿನ ಮರಾಠೀ ಭಾಷಾಂತರವನ್ನು ಬಿಡದೆ ಮುಗಿಸಿ, 1922ನೆಯ ಏಪ್ರಿಲ್ 5ರಂದು ಪ್ರಭುವಿನಲ್ಲಿ ನಿದ್ರಿಸಿದರು.

ಪ್ರಿಯ ವಿದ್ಯಾರ್ಥಿನಿಯರೇ, 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಹೊಸಪೇಟೆಯವಳಿಗೆ ಫೋನಿನಲ್ಲಿ ಪಾಠವು ದೊರೆತರೂ, ಸಂಡೂರಿನ ಗುಡ್ಡದ ಮರೆಯವಳಿಗೆ ಅದೇ ಪಾಠವು ತಲಪುವುದು ಕಷ್ಟವಾಗಿದ್ದಿತು. ಮನೆಗೆ ಒಂದೇ ಫೋನು, ಅದೂ ತಂದೆಯೊಡನೆ ಕೂಲಿಗೆ ಹೋಗುವುದಾದರೆ ಮಗಳು ಏನು ಮಾಡಿಯಾಳು? ಚಂದನ ವಾಹಿನಿಯ ಪಾಠಗಳು ಕೆಲವರಿಗೆ ಒದಗಿದುವು. ಅದೇ ಆಗಸ್ಟಿನಲ್ಲಿ ವಿದ್ಯಾಗಮವೆಂಬ ಯೋಜನೆಯಿಂದ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಹಳ್ಳಿಗಳ ಮರದಡಿ, ಜಗಲಿಗಳಿಗೆ ತಾವೇ ನಡೆದುಹೋದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಲಕ್ಷ್ಮೀಬಾಯಿಯು ಮಗಳಿಗೆ ಕಲಿಸಿದ ಜಗಲಿಯೂ ಅಂತಹುದೇ ಅಲ್ಲವೇ?

ಶಾಲೆಯೆಂಬುದು ಗೋಡೆಯಲ್ಲ, ಒಬ್ಬಳು ಇನ್ನೊಬ್ಬಳನ್ನು ಮರೆಯದಿರುವುದೇ ಶಾಲೆ. ಆ ದಿನಗಳಲ್ಲಿ ನೆರೆಮನೆಯ ಕಿರಿಯಳಿಗೆ ಅಕ್ಷರ ತಿದ್ದಿಸಿದವಳೂ, ಬಾರದ ಗೆಳತಿಯ ಯೋಗಕ್ಷೇಮವನ್ನು ವಿಚಾರಿಸಿದವಳೂ ಕೇಡಗಾಂವಿನ ಡೇರೆಯ ಕೆಲಸವನ್ನೇ ಮಾಡಿದರು. ಆದರೆ ಬಾಗಿಲು ತೆರೆದ ಬಳಿಕ ಹಿಂದಿರುಗದ ಹುಡುಗಿಯರೂ ಉಂಟು. ಕೆಲವರಿಗೆ ಮದುವೆ, ಕೆಲವರಿಗೆ ಕೂಲಿ. ಅವರ ಸ್ಥಾನವು ಇನ್ನೂ ಬರಿದಾಗಿದೆ. ಕ್ಷಾಮದ ಹಳ್ಳಿಗಳಿಗೆ ತಾವೇ ಹೋಗಿ ಬಾಲಿಕೆಯರನ್ನು ಹುಡುಕಿ ತಂದ ರಮಾಬಾಯಿಯವರನ್ನು ಸ್ಮರಿಸುವವರು, ಅಂಥವಳೊಬ್ಬಳ ಮನೆಯ ಬಾಗಿಲನ್ನಾದರೂ ತಟ್ಟಿ ಕರೆಯಲಿ. ತುಂಗಭದ್ರೆಯ ಮೂಲದಲ್ಲಿ ಹುಟ್ಟಿದ ಆ ತಾಯಿಗೆ ತುಂಗಭದ್ರೆಯ ದಡದ ಮಕ್ಕಳು ಸಲ್ಲಿಸತಕ್ಕ ಗೌರವವು ಇದೇ.