ಸಂಬಳದಲ್ಲೇ ಮುರಿದ ಚಂದಾ: ಜಾನ್ ಎಲ್. ಲೂಯಿಸ್ ಕಟ್ಟಿದ ಯೂನಿಯನ್

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಕಲ್ಲಿದ್ದಲು ಗಣಿ ಕಾರ್ಮಿಕರ ಸಂಬಳದಿಂದ ಏನೇನು ಮುರಿದುಕೊಳ್ಳುತ್ತಿದ್ದರು ಗೊತ್ತಾ? ಕಂಪನಿ ಮನೆಯ ಬಾಡಿಗೆ, ಕಂಪನಿ ಅಂಗಡಿಯ ಸಾಲ, ಡಾಕ್ಟರ್ ಫೀಸು, ಸಿಡಿಮದ್ದಿನ ದುಡ್ಡು, ಉಪಕರಣ ಹರಿತ ಮಾಡಿಸಿದ ಖರ್ಚು. ಇಷ್ಟನ್ನೆಲ್ಲ ಆರಾಮಾಗಿ ಮುರಿದುಕೊಳ್ಳುತ್ತಿದ್ದ ಮಾಲೀಕರಿಗೆ, ಯೂನಿಯನ್ ಚಂದಾವನ್ನೂ ಹಾಗೇ ಮುರಿದು ಕೊಡಿ ಅಂದಾಗ ಮಾತ್ರ ಕಾರ್ಮಿಕನ ಸ್ವಾತಂತ್ರ್ಯ ನೆನಪಾಗುತ್ತಿತ್ತು.

ಈ ವ್ಯವಸ್ಥೆಗೆ ಚೆಕ್-ಆಫ್ ಅಂತ ಹೆಸರು. ಅದರ ಬಲ ಮತ್ತು ಅಪಾಯ ಎರಡೂ ಕಾಣುವುದು ಜಾನ್ ಎಲ್. ಲೂಯಿಸ್ ಬದುಕಿನಲ್ಲಿ.

ಲೂಯಿಸ್ ಹುಟ್ಟಿದ್ದು 1880ರಲ್ಲಿ, ಅಯೋವಾ ರಾಜ್ಯದ ಗಣಿ ಸೀಮೆಯಲ್ಲಿ. ವೇಲ್ಸ್‌ನಿಂದ ವಲಸೆ ಬಂದ ಕುಟುಂಬ. ಮುಷ್ಕರಕ್ಕಿಳಿದ ತಪ್ಪಿಗೆ ಅಪ್ಪನ ಹೆಸರು ಮಾಲೀಕರ ಕಪ್ಪುಪಟ್ಟಿ ಸೇರಿತ್ತು. ಮಗನೂ ಗಣಿಗಿಳಿದರು. 1920ರಲ್ಲಿ ಯುನೈಟೆಡ್ ಮೈನ್ ವರ್ಕರ್ಸ್ ಅಧ್ಯಕ್ಷರಾದವರು 40 ವರ್ಷ ಆ ಕುರ್ಚಿ ಬಿಡಲಿಲ್ಲ.

ಮೊದಲ ದಶಕ ಬರೀ ಸೋಲು. 1921ರಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಚೆಕ್-ಆಫ್‌ಗೇ ತಡೆ ಹಾಕಿದರು. ಆ ಆದೇಶ ಮೇಲ್ಮನವಿಯಲ್ಲಿ ಸಡಿಲವಾಯಿತು, ನಿಜ. ಆದರೆ ಯೂನಿಯನ್ ಇಲ್ಲದ ಗಣಿಗಳ ಅಗ್ಗದ ಕಲ್ಲಿದ್ದಲು ಮಾರುಕಟ್ಟೆ ನುಂಗಿತು, ಸದಸ್ಯರು ಚದುರಿದರು. 1933ರಲ್ಲಿ ರೂಸ್‌ವೆಲ್ಟ್ ಸರ್ಕಾರದ ಕಾನೂನು ಸಂಘಟನೆಯ ಹಕ್ಕನ್ನು ಒಪ್ಪಿದ್ದೇ ತಡ, ಲೂಯಿಸ್ ಖಜಾನೆಯಲ್ಲಿ ಉಳಿದಿದ್ದನ್ನೆಲ್ಲ ಸುರಿದು ಸಂಘಟಕರನ್ನು ಗಣಿ ಊರುಗಳಿಗೆ ಅಟ್ಟಿದರು. ಲಕ್ಷಗಟ್ಟಲೆ ಜನ ಸೇರಿದರು. ಅದೇ ಸೆಪ್ಟೆಂಬರಿನ ಅಪಲೇಚಿಯನ್ ಒಪ್ಪಂದದಲ್ಲಿ ಎಂಟು ಗಂಟೆಯ ದುಡಿಮೆಯ ಜೊತೆಗೆ ಚೆಕ್-ಆಫ್ ಕೂಡ ಬಂತು. ಇನ್ನು ಚಂದಾ ಮುರಿದು ಕಳಿಸುವುದು ಕಂಪನಿಯ ಕೆಲಸ. 1936ರಲ್ಲಿ ಉಕ್ಕಿನ ಕಾರ್ಖಾನೆಗಳ ಸಂಘಟನೆಗೆ ಈ ಯೂನಿಯನ್ 5 ಲಕ್ಷ ಡಾಲರ್ ಕೊಟ್ಟಿತು. ಮರುವರ್ಷವೇ ದೈತ್ಯ ಯು.ಎಸ್. ಸ್ಟೀಲ್ ಮುಷ್ಕರವಿಲ್ಲದೆ ಒಪ್ಪಂದಕ್ಕೆ ಬಂತು. ಚಿಲ್ಲರೆ ಚಂದಾದ ತಾಕತ್ತು ಅದು.

ಆದರೆ ಕೈಯಾರೆ ಚಂದಾ ಎತ್ತುವವನು ಸದಸ್ಯನ ಎದುರು ನಿಲ್ಲಲೇಬೇಕು, ಬೈಗುಳ ಕೇಳಲೇಬೇಕು. ಕಂಪನಿಯ ಲೆಕ್ಕದಿಂದ ನೇರ ಬರುವ ದುಡ್ಡಿಗೆ ಬಾಯಿಲ್ಲ. (ಇಂಜಿನಿಯರಿಂಗ್ ಓದಿದವನ ಚಾಳಿ: ನನಗಿದು ಫೀಡ್‌ಬ್ಯಾಕ್ ಕಿತ್ತುಹಾಕಿದ ಸರ್ಕ್ಯೂಟ್ ಥರ ಕಾಣುತ್ತೆ.) ಲೂಯಿಸ್ ಹಲವು ಜಿಲ್ಲಾ ಘಟಕಗಳಲ್ಲಿ ಚುನಾವಣೆಯನ್ನೇ ನಿಲ್ಲಿಸಿ ತಮ್ಮವರನ್ನು ಕೂರಿಸಿದರು. ಎದುರಾಡಿದವರನ್ನು ಹೊರಹಾಕಿದರು. ಚಂದಾ ಮಾತ್ರ ತಪ್ಪದೆ ಬರುತ್ತಿತ್ತು.

1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆ, ಪ್ರತಿ ಕಾರ್ಮಿಕನ ಲಿಖಿತ ಒಪ್ಪಿಗೆ ಇಲ್ಲದೆ ಚಂದಾ ಮುರಿಯಬಾರದು, ಆ ಒಪ್ಪಿಗೆಯೂ ವರ್ಷಕ್ಕಿಂತ ಹೆಚ್ಚು ಕಾಲ ಅವನನ್ನು ಕಟ್ಟಿಹಾಕಬಾರದು ಎಂದಿತು. ಯೂನಿಯನ್‌ಗಳ ಕೈಕಟ್ಟಲೆಂದೇ ತಂದ ಕಾಯ್ದೆ ಅದು. ಲೂಯಿಸ್ ಅದನ್ನು ಉಗ್ರವಾಗಿ ವಿರೋಧಿಸಿದರು. ಅವರ ವಿರೋಧ ಸರಿ. ಆದರೂ ಈ ಒಂದು ಷರತ್ತನ್ನು, ಯೂನಿಯನ್ ಪರ ನಿಂತೇ, ನಾನು ಒಪ್ಪುತ್ತೇನೆ. ನಮ್ಮ ವೇತನ ಕಾನೂನೂ ಲಿಖಿತ ಒಪ್ಪಿಗೆ ಕೇಳುತ್ತದೆ.

ಲೂಯಿಸ್ 1960ರಲ್ಲಿ ನಿವೃತ್ತರಾಗಿ, 1969ರ ಜೂನ್‌ನಲ್ಲಿ ತೀರಿಕೊಂಡರು. ಆಗ ಅಧ್ಯಕ್ಷ ಅವರೇ ಬೆಳೆಸಿದ ಟೋನಿ ಬಾಯ್ಲ್. ಆ ಡಿಸೆಂಬರಿನಲ್ಲಿ ಬಾಯ್ಲ್ ವಿರುದ್ಧ ಚುನಾವಣೆಗೆ ನಿಂತು ಸೋತ ಜೋಸೆಫ್ ಯಾಬ್ಲಾನ್‌ಸ್ಕಿಯನ್ನು, ವರ್ಷದ ಕೊನೇ ರಾತ್ರಿ, ಹೆಂಡತಿ ಮತ್ತು ಮಗಳ ಸಮೇತ ಮನೆಯಲ್ಲೇ ಗುಂಡಿಟ್ಟು ಕೊಂದರು. ಕೊಲೆಗೆ ಬಾಯ್ಲ್ ಆದೇಶವಿತ್ತೆಂದು ಮುಂದೆ ಕೋರ್ಟಿನಲ್ಲಿ ಸಾಬೀತಾಯಿತು. ಹಂತಕರಿಗೆ ಕೊಟ್ಟ ಹಣ ಹೋಗಿದ್ದು ಯೂನಿಯನ್ ಖಜಾನೆಯಿಂದ.