ಗುಂಡ್ಲುಪೇಟೆಯ ನಜೀರ್ ಸಾಬ್: ಜನರು ಪ್ರೀತಿಯಿಂದ ಕರೆದ ‘ನೀರ್ ಸಾಬ್’

ನಮ್ಮ ಕರಾವಳಿಯಲ್ಲಿ ಹೆಚ್ಚಿನ ಮನೆಗಳಿಗೆ ಅಂಗಳದಲ್ಲೇ ಬಾವಿ ಇರುತ್ತದೆ. ಬೇಸಿಗೆಯ ಒಂದೆರಡು ತಿಂಗಳು ಬಿಟ್ಟರೆ ಕೊಡಪಾನ ಇಳಿಸಿದಾಗ ನೀರು ಸಿಗುತ್ತದೆ. ಹಾಗಾಗಿ ಒಬ್ಬ ಮಂತ್ರಿಯನ್ನು ಜನರು ನೀರಿನ ಹೆಸರಿನಿಂದಲೇ ಕರೆದರು ಎಂದರೆ ನಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ಆದರೆ ಕರ್ನಾಟಕದ ಬಯಲು ಸೀಮೆಯ ಹಳ್ಳಿಗಳಲ್ಲಿ ಹಿರಿಯರನ್ನು ಕೇಳಿ ನೋಡಿ. ಅಬ್ದುಲ್ ನಜೀರ್ ಸಾಬ್ ಎಂದರೆ ಕ್ಷಣ ಯೋಚಿಸುವವರೂ ನೀರ್ ಸಾಬ್ ಎಂದೊಡನೆ ಗುರುತು ಹಿಡಿಯುತ್ತಾರೆ.

ನಜೀರ್ ಸಾಬ್ ಅವರು ಗುಂಡ್ಲುಪೇಟೆಯವರು. ಆಗ ಈ ಊರು ಮೈಸೂರು ಜಿಲ್ಲೆಯಲ್ಲಿತ್ತು. 1997ರಲ್ಲಿ ನಮ್ಮ ಉಡುಪಿ ಹೊಸ ಜಿಲ್ಲೆಯಾದಾಗಲೇ ಚಾಮರಾಜನಗರವೂ ಜಿಲ್ಲೆಯಾಯಿತು, ಗುಂಡ್ಲುಪೇಟೆ ಅದರ ಒಂದು ತಾಲ್ಲೂಕಾಯಿತು. ಬಂಡೀಪುರದ ಕಾಡನ್ನು ದಾಟಿ ಊಟಿಗೆ ಹೋದವರೆಲ್ಲ ಈ ಊರಿನಲ್ಲಿ ಚಹಾ ಕುಡಿದಿರಬಹುದು. ನಮಗೆ ಧಾರಾಳ ಮಳೆ ಸುರಿಸುವ ಘಟ್ಟವೇ ಆ ಕಡೆಯವರ ಪಾಲಿಗೆ ಮಳೆಗೆ ಅಡ್ಡ ನಿಂತ ಗೋಡೆ. ರಾಗಿ, ಜೋಳ, ಹುರುಳಿ ಬೆಳೆಯುವ ಒಣ ಭೂಮಿ ಅದು. ಮಳೆ ಕೈಕೊಟ್ಟ ವರ್ಷ ಅಲ್ಲಿನ ಕೂಲಿ ಕುಟುಂಬಗಳು ಕೊಡಗಿಗೂ ಕೇರಳಕ್ಕೂ ಕೆಲಸ ಹುಡುಕಿಕೊಂಡು ಹೋಗುವುದು ಹಳೆಯ ರೂಢಿ.

1983ರಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರಕಾರ ಬಂತು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. ಆ ಜನತಾ ಪಕ್ಷದ ಸರಕಾರದಲ್ಲಿ ನಜೀರ್ ಸಾಬ್ ಅವರಿಗೆ ಸಿಕ್ಕಿದ್ದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ. ಅದು ಅಂದು ದೊಡ್ಡ ಖಾತೆಯೆಂದು ಎಣಿಸಲ್ಪಡುತ್ತಿರಲಿಲ್ಲ. ಅದನ್ನು ದೊಡ್ಡದು ಮಾಡಿದವರು ಅವರೇ.

ಅವರು ಮೊದಲು ಕೈ ಹಾಕಿದ್ದು ಕುಡಿಯುವ ನೀರಿಗೆ. 1980ರ ದಶಕದ ನಡುವಿನಲ್ಲಿ ರಾಜ್ಯಕ್ಕೆ ಬರಗಾಲ ಬಡಿದಿತ್ತು. ಕೆರೆ ಬಾವಿಗಳು ಬತ್ತಿದ್ದವು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸುವ ಕೆಲಸವನ್ನು ಅವರು ಬೆನ್ನು ಹತ್ತಿ ಮಾಡಿಸಿದರು. ಹಳ್ಳಿಗರ ಬಾಯಲ್ಲಿ ಬೋರಿಂಗ್ ಎಂಬ ಮಾತು ಮನೆಮಾತಾಯಿತು.

ಇದನ್ನು ಬರೀ ನೀರಿನ ಯೋಜನೆ ಎಂದು ನೋಡಿದರೆ ಅದರ ಬೆಲೆ ನಮಗೆ ತಿಳಿಯದು. ಮೈಲಿ ದೂರದಿಂದ ನೀರು ಹೊರುವ ತಾಯಿಗೆ ಆ ದಿನದ ಅರ್ಧ ಕೂಲಿ ತಪ್ಪುತ್ತದೆ. ತಾಯಿ ಕೂಲಿಗೆ ಹೋದರೆ ಕೊಡ ಹೊರುವವಳು ಮಗಳು, ಅವಳಿಗೆ ಶಾಲೆ ತಪ್ಪುತ್ತದೆ. ಕೆರೆಯ ಕೊಳೆ ನೀರು ಕುಡಿದ ಮಗುವಿಗೆ ವಾಂತಿ ಭೇದಿಯಾದರೆ ಆಸ್ಪತ್ರೆಗೆ ಸಾಲ ಮಾಡಬೇಕು. ಒಂದು ಕುಟುಂಬ ಬಡತನದಲ್ಲೇ ಉಳಿಯುವುದು ಹೀಗೆ. ಬಾಗಿಲ ಹತ್ತಿರ ಒಂದು ಕೈಪಂಪು ಬಂದರೆ ಈ ಸರಪಳಿಯ ಒಂದು ಕೊಂಡಿ ಕಳಚುತ್ತದೆ.

ಎರಡನೆಯದು ಅಧಿಕಾರ ಹಂಚುವ ಕೆಲಸ. 1983ರಲ್ಲಿ ವಿಧಾನಸಭೆಯ ಮುಂದೆ ಬಂದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾನೂನಿಗೆ ರಾಷ್ಟ್ರಪತಿಯವರ ಅಂಕಿತ ಸಿಗಲು 1985ರವರೆಗೆ ಕಾಯಬೇಕಾಯಿತು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಶೇಕಡ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡಲಾಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಸಿಕ್ಕಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯಾಗಿರುತ್ತಿದ್ದರು. ಬಡವರಿಗೆ ಬರುವ ಸಾಲ ಸಹಾಯಗಳಿಗೆ ಯಾರು ಅರ್ಹರು ಎಂಬ ಚರ್ಚೆ ಗ್ರಾಮ ಸಭೆಯಲ್ಲಿ ಎಲ್ಲರೆದುರು ನಡೆಯಬೇಕಿತ್ತು. ಬಡವರ ಪಟ್ಟಿ ಕಚೇರಿಯ ಬೀರುವಿನಿಂದ ಊರ ಅರಳಿಕಟ್ಟೆಗೆ ಬಂತು. ಶಾಸಕರಿಗೂ ಅಧಿಕಾರಿಗಳಿಗೂ ಇದು ಸಿಹಿಯಾಗಿರಲಿಲ್ಲ. ತಮ್ಮ ಕೈಯಲ್ಲಿದ್ದುದನ್ನು ಬಿಟ್ಟುಕೊಡಲು ಯಾರಿಗೆ ತಾನೇ ಇಷ್ಟ?

ಚಾಮರಾಜನಗರದ ಕಥೆ ಬಲ್ಲವರಿಗೆ ಈ ನಿಲುವಿನ ಬೆಲೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಆ ಪಟ್ಟಣಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮೂಢನಂಬಿಕೆ ಬಹುಕಾಲ ಬೇರೂರಿತ್ತು. 1997ರಲ್ಲಿ ಹೊಸ ಜಿಲ್ಲೆಯನ್ನು ಆಗಿನ ಮುಖ್ಯಮಂತ್ರಿ ಜೆ. ಎಚ್. ಪಟೇಲರು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಲ್ಲಿ ಅಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. 2013ರ ನಂತರ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಮತ್ತೆ ಮತ್ತೆ ಅಲ್ಲಿಗೆ ಹೋಗಿ, ಐದು ವರ್ಷ ಪೂರೈಸಿ ಆ ಭಯವನ್ನು ಸುಳ್ಳು ಮಾಡಿದರು. ರಾಜಧಾನಿಯ ದೊರೆ ಬರಲು ಹೆದರುವ ಊರಿಗೆ ರಸ್ತೆ, ಆಸ್ಪತ್ರೆ, ಶಾಲೆ ತಡವಾಗಿ ಬಂದರೆ ಆಶ್ಚರ್ಯವೇನು? ಅಂಥ ಸೀಮೆಯಿಂದ ಬಂದ ನಜೀರ್ ಸಾಬ್ ಅವರು ಮುಖ್ಯಮಂತ್ರಿಯ ಭೇಟಿಗೆ ಕಾಯದೆ ಊರು ತನ್ನ ಕೆಲಸ ತಾನೇ ಮಾಡಿಕೊಳ್ಳುವ ದಾರಿಯನ್ನು ಹುಡುಕಿದರು.

ಹಿಂದುಳಿದಿರುವಿಕೆ ಉತ್ತರ ಕರ್ನಾಟಕದ್ದು ಮಾತ್ರ ಎಂದು ನಾವು ಭಾವಿಸುವುದುಂಟು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ವರದಿ ಕೊಟ್ಟಿತು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದವು, 13 ದಕ್ಷಿಣದವು.

ನಜೀರ್ ಸಾಬ್ ಅವರು ಕ್ಯಾನ್ಸರ್ ಕಾಯಿಲೆಗೆ ತುತ್ತಾಗಿ 1988ರಲ್ಲಿ ತೀರಿಕೊಂಡರು. ಆಸ್ಪತ್ರೆಯಲ್ಲಿ ನೋಡಲು ಬಂದ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರ ಬಳಿ ಅವರು ತಮಗಾಗಿ ಏನನ್ನೂ ಕೇಳದೆ, ಬಡವರಿಗೆ ಮನೆ ಕಟ್ಟಿಸಿಕೊಡುವಂತೆ ಕೇಳಿಕೊಂಡರೆಂದು ಅಂದಿನವರು ಇಂದಿಗೂ ನೆನೆಯುತ್ತಾರೆ.

ಅವರ ಕೆಲಸವೆಲ್ಲ ಕುಂದಿಲ್ಲದ್ದು ಎಂದು ನಾವು ಹೇಳುವುದಿಲ್ಲ. 1987ರ ಚುನಾವಣೆಯಲ್ಲಿ ಗೆದ್ದವರಲ್ಲಿ ಜಮೀನುಳ್ಳ ಬಲಾಢ್ಯರೇ ಬಹಳ. ಐದು ವರ್ಷ ಮುಗಿದಾಗ ಮತ್ತೆ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ನೇಮಿಸಲಾಯಿತು. ಬೋರ್‌ವೆಲ್‌ಗಳ ಸಂಖ್ಯೆ ಹೆಚ್ಚಿ, ತೋಟದ ಪಂಪುಗಳೂ ಸೇರಿ, ಅಂತರ್ಜಲ ಆಳಕ್ಕಿಳಿಯಿತು. ಈಗ ಗುಂಡ್ಲುಪೇಟೆಯ ಕಡೆಗೆ ಕಬಿನಿಯ ನೀರನ್ನು ಕೊಳವೆಯಲ್ಲಿ ತರಲಾಗುತ್ತಿದೆ. ಆದರೂ ಅವರು ಬಿತ್ತಿದ ಬೀಜ ಒಣಗಲಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯತಿಗಳಿಗೆ ದೇಶದಾದ್ಯಂತ ಭದ್ರ ನೆಲೆ ಕೊಟ್ಟಿತು. ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ಅವರ ಹೆಸರೇ ಇದೆ.

ನಮ್ಮ ವಾಳೆಗಳಲ್ಲಿ ಬಡ ಕುಟುಂಬಗಳ ಮನೆಗೆ ಭೇಟಿ ಕೊಡುವವರಿದ್ದಾರೆ. ಯಾರ ಮನೆಯ ಮಾಡು ಸೋರುತ್ತದೆ, ಯಾವ ಮಗು ಶಾಲೆ ಬಿಟ್ಟಿದೆ ಎಂಬುದು ಗುರಿಕಾರರಿಗೆ ಗೊತ್ತು. ಅಕ್ಕಿ, ಬಟ್ಟೆ, ಔಷಧಿ ಕೊಟ್ಟು ಬರುವುದು ಒಳ್ಳೆಯದೇ. ಆದರೆ ಆ ಮನೆಯ ಹೆಸರು ಸರಕಾರದ ಪಟ್ಟಿಗೆ ಸೇರುವುದು ಗ್ರಾಮ ಸಭೆಯಲ್ಲಿ. ಅಲ್ಲಿ ನಮ್ಮ ಕುರ್ಚಿಗಳು ಎಷ್ಟೋ ಬಾರಿ ಖಾಲಿ ಇರುತ್ತವೆ. ಮುಂದಿನ ಗ್ರಾಮ ಸಭೆಯ ನೋಟಿಸು ಬಂದಾಗ ಆ ಬಡ ಮನೆಯವರನ್ನೂ ಜೊತೆಗೆ ಕರೆದುಕೊಂಡು ನಾವು ಹೋಗೋಣ. ನೀರ್ ಸಾಬ್ ಅವರನ್ನು ನೆನೆಯಲು ಇದಕ್ಕಿಂತ ಸುಲಭದ ದಾರಿ ನಮಗೆ ತೋರುವುದಿಲ್ಲ.