ಬಾಗಿಲು ಹಾಕಿಕೊಂಡು ಶುರುವಾದ ಆಟ: ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ತಾಯಿ, ಪಿಟಿ ಟೀಚರ್ ಸೆಂಡಾ ಬೆರೆನ್ಸನ್

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಕಡೆ ಹೋದರೆ ಅಪಾರ್ಟ್‌ಮೆಂಟು, ಕಾಲೇಜು, ಐಟಿ ಕ್ಯಾಂಪಸ್ ಅಂತ ಹಲವು ಕಡೆ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಕಾಣುತ್ತೆ. ಹುಡುಗರೂ ಆಡ್ತಾರೆ, ಹುಡುಗೀರೂ ಆಡ್ತಾರೆ. ಆದರೆ ಕಾಲೇಜು ಟೂರ್ನಮೆಂಟ್ ಮುಗಿದ ಮೇಲೆ ಸುದ್ದಿ ಹುಡುಗರದ್ದು, ಹುಡುಗೀರದ್ದು ಕೊನೆಯಲ್ಲಿ ಒಂದು ಸಾಲು. ಇದು ಇಲ್ಲಿನ ಕಥೆ ಮಾತ್ರ ಅಲ್ಲ. ಈ ಆಟ ಹುಟ್ಟಿದ ಅಮೆರಿಕದಲ್ಲೂ ಬಹುಕಾಲ ಹೀಗೇ ಇತ್ತು. ಯಾಕೆ ಹೀಗಾಯ್ತು ಅಂತ ತಿಳಿಯಬೇಕಾದರೆ ಸೆಂಡಾ ಬೆರೆನ್ಸನ್ ಅವರ ಬದುಕು ನೋಡಬೇಕು.

ಪಾತ್ರೆ ಮಾರುತ್ತಿದ್ದವರ ಮಗಳು

ಸೆಂಡಾ ಹುಟ್ಟಿದ್ದು 1868ರಲ್ಲಿ, ಈಗಿನ ಲಿಥುವೇನಿಯಾ ದೇಶದ ಬುಟ್ರಿಮೋನಿಸ್ ಎಂಬ ಊರಿನ ಯಹೂದಿ ಕುಟುಂಬದಲ್ಲಿ. ಅಪ್ಪ ಮೊದಲು ಅಮೆರಿಕದ ಬೋಸ್ಟನ್‌ಗೆ ಹೋಗಿ ಪಾತ್ರೆ ಪಗಡೆ ಹೊತ್ತು ಬೀದಿ ಬೀದಿ ಮಾರಿ ಸಂಸಾರ ಸಾಗಿಸಿದರು. 1875ರಲ್ಲಿ ಹೆಂಡತಿ ಮಕ್ಕಳೂ ಅಲ್ಲಿಗೆ ಸೇರಿಕೊಂಡರು. ಅಣ್ಣ ಬರ್ನಾರ್ಡ್ ಮುಂದೆ ದೊಡ್ಡ ಕಲಾ ವಿಮರ್ಶಕನಾಗಿ ಹೆಸರು ಮಾಡಿದ.

ಸೆಂಡಾಗೆ ಚಿಕ್ಕಂದಿನಿಂದ ಆರೋಗ್ಯ ಸರಿ ಇರಲಿಲ್ಲ. ಪಿಯಾನೋ ಕಲಿಯೋಕೆ ಹೋದರೆ ಬೆನ್ನು ನೋವು ಕೂರೋಕೇ ಬಿಡಲಿಲ್ಲ. ಮೈ ಗಟ್ಟಿಯಾಗಲಿ ಅಂತ 1890ರಲ್ಲಿ ಬೋಸ್ಟನ್‌ನ ವ್ಯಾಯಾಮ ಶಿಕ್ಷಕಿಯರ ತರಬೇತಿ ಶಾಲೆಗೆ ಸೇರಿದರು. ಮೊದಮೊದಲು ಕಷ್ಟವಾಯ್ತು. ಆಮೇಲೆ ಅದೇ ಅವರ ಉದ್ಯೋಗವಾಯ್ತು. 1892ರ ಜನವರಿಯಲ್ಲಿ ನಾರ್ಥಾಂಪ್ಟನ್ ಊರಿನ ಸ್ಮಿತ್ ಮಹಿಳಾ ಕಾಲೇಜಿಗೆ ಪಿಟಿ ಟೀಚರ್ ಆಗಿ ಬಂದರು.

ಗಂಡಸರಿಗೆ ಪ್ರವೇಶವಿಲ್ಲ

ಹತ್ತಿರದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1891ರ ಡಿಸೆಂಬರ್‌ನಲ್ಲಷ್ಟೇ ಜೇಮ್ಸ್ ನೈಸ್ಮಿತ್ ಹುಡುಗರಿಗಾಗಿ ಬ್ಯಾಸ್ಕೆಟ್‌ಬಾಲ್ ಶುರು ಮಾಡಿದ್ದರು. ಅದರ ಬಗ್ಗೆ ಓದಿದ ಸೆಂಡಾ, ಕೈಕಾಲು ಆಡಿಸುವ ಕವಾಯತಿನಿಂದ ಬೇಸತ್ತಿದ್ದ ತಮ್ಮ ವಿದ್ಯಾರ್ಥಿನಿಯರಿಗೆ ಈ ಆಟ ಕಲಿಸಿದರು. 1893ರ ಮಾರ್ಚ್‌ನಲ್ಲಿ ಮೊದಲ ವರ್ಷದವರಿಗೂ ಎರಡನೇ ವರ್ಷದವರಿಗೂ ಪಂದ್ಯ ಇಟ್ಟರು. ಕಾಲೇಜು ಹುಡುಗೀರ ಮೊದಲ ಬ್ಯಾಸ್ಕೆಟ್‌ಬಾಲ್ ಪಂದ್ಯ ಅಂತ ಗುರುತಿಸೋದು ಇದನ್ನೇ.

ಶುರುವಿನಲ್ಲೇ ಅವಘಡ. ಸೆಂಡಾ ಚೆಂಡು ಮೇಲೆ ಎಸೆಯುವಾಗ ಅವರ ಕೈ ಒಂದು ತಂಡದ ನಾಯಕಿಗೆ ತಗುಲಿ ಆಕೆಯ ಭುಜದ ಕೀಲು ತಪ್ಪಿತು. ಸರಿಪಡಿಸಿ ಆಟ ಮುಂದುವರಿಸಿದರು. ನೋಡೋಕೆ ಬಂದ ಹುಡುಗೀರ ಕೂಗಾಟ ಜೋರಾಗಿತ್ತು. ಗಂಡಸರನ್ನು ಮಾತ್ರ ಒಳಗೆ ಬಿಟ್ಟಿರಲಿಲ್ಲ. ಆಟದ ಉಡುಪಿನಲ್ಲಿ ಓಡಾಡುವ ಹೆಣ್ಣುಮಕ್ಕಳನ್ನು ಗಂಡಸರು ನೋಡೋದು ಆ ಕಾಲಕ್ಕೆ ಮರ್ಯಾದೆ ಅಲ್ಲ.

1896ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಹುಡುಗೀರ ನಡುವೆ ಪಂದ್ಯ ನಡೆದಾಗಲೂ ಅದೇ ಕಟ್ಟುಪಾಡು. ಸ್ಟ್ಯಾನ್‌ಫರ್ಡ್ 2-1ರಿಂದ ಗೆದ್ದಿತು. ಮೂರೇ ವರ್ಷದಲ್ಲಿ, 1899ರಲ್ಲಿ, ಸ್ಟ್ಯಾನ್‌ಫರ್ಡ್ ತನ್ನ ಹುಡುಗೀರು ಬೇರೆ ಕಾಲೇಜಿನ ಜೊತೆ ಆಡೋದನ್ನೇ ನಿಲ್ಲಿಸಿತು.

ಕೋರ್ಟಿಗೆ ಗೆರೆ

ಸೆಂಡಾ ಮಹಿಳೆಯರಿಗೆ ಬೇರೆ ನಿಯಮ ಬರೆದರು. ಕೋರ್ಟನ್ನು ಮೂರು ಭಾಗ ಮಾಡಿ, ತನ್ನ ಭಾಗದ ಗೆರೆ ಯಾರೂ ದಾಟಬಾರದು ಎಂದರು. ಎದುರಾಳಿ ಕೈಯಿಂದ ಚೆಂಡು ಕಿತ್ತುಕೊಳ್ಳುವಂತಿಲ್ಲ. ಚೆಂಡು ನೆಲಕ್ಕೆ ಬಡಿಯೋದು ಮೂರೇ ಸಲ, ಕೈಯಲ್ಲಿ ಹಿಡಿಯೋದು ಮೂರೇ ಸೆಕೆಂಡು. 1905ರಿಂದ 1917ರವರೆಗೆ ನಿಯಮ ಸಮಿತಿಯ ಅಧ್ಯಕ್ಷೆಯೂ ಅವರೇ.

ಈ ಕಟ್ಟುಪಾಡಿಗೆ ಅವರದ್ದೇ ಲೆಕ್ಕಾಚಾರವಿತ್ತು. ಆಟ ಒರಟಾದರೆ ಹೆಣ್ಣುಮಕ್ಕಳಿಗೆ ಆಟವೇ ಬೇಡ ಅಂತ ಹಿರಿಯರು ನಿಲ್ಲಿಸಿಬಿಡುತ್ತಿದ್ದರು. ಮುಂದೆ ಕೆಲಸಕ್ಕೆ ಹೋಗುವ ಹೆಣ್ಣಿಗೆ ಗಟ್ಟಿ ಮೈ, ಒಗ್ಗಟ್ಟು ಬೇಕು ಅನ್ನೋದು ಅವರ ನಂಬಿಕೆ. ಆಟ ಉಳಿಯಿತು. ಜೊತೆಗೆ ಗೆರೆಯೂ ಉಳಿಯಿತು. ಹುಡುಗರ ಆಟ ತುಂಬಿದ ಕ್ರೀಡಾಂಗಣಕ್ಕೂ ಪತ್ರಿಕೆಗೂ ಹೋಯಿತು, ಹೆಚ್ಚಿನ ಕಾಲೇಜುಗಳಲ್ಲಿ ಹುಡುಗೀರದ್ದು ಕಾಲೇಜಿನೊಳಗೇ ಉಳಿಯಿತು. ಮಹಿಳೆಯರು ಐದೈದು ಜನ ಪೂರ್ತಿ ಕೋರ್ಟಿನಲ್ಲಿ ಆಡೋದು ಕಾಲೇಜುಗಳಲ್ಲಿ ನಿಯಮವಾಗಿದ್ದು 1971ರಲ್ಲಿ. ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಪುರುಷರ ಟೂರ್ನಿ ಶುರು ಮಾಡಿದ್ದು 1939ರಲ್ಲಿ, ಮಹಿಳೆಯರದ್ದು 1982ರಲ್ಲಿ.

ಸೆಂಡಾ 1911ರಲ್ಲಿ ಸ್ಮಿತ್ ಕಾಲೇಜಿನ ಇಂಗ್ಲಿಷ್ ಪ್ರೊಫೆಸರ್ ಹರ್ಬರ್ಟ್ ಅಬಾಟ್ ಅವರನ್ನು ಮದುವೆಯಾಗಿ ಕಾಲೇಜು ಬಿಟ್ಟರು. 1921ರವರೆಗೆ ಇನ್ನೊಂದು ಶಾಲೆಯಲ್ಲಿ ಕಲಿಸಿದರು. 1954ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ತೀರಿಕೊಂಡರು. ನೈಸ್ಮಿತ್ ಹೆಸರಿನ ಹಾಲ್ ಆಫ್ ಫೇಮ್‌ಗೆ ಮಹಿಳೆಯರು ಮೊದಲ ಸಲ ಸೇರಿದ್ದು 1985ರಲ್ಲಿ. ಅವರಲ್ಲಿ ಸೆಂಡಾ ಒಬ್ಬರು.

ಬಾಗಿಲು ತೆರೆದಾಗ

ಹುಡುಗೀರ ಆಟ ಜನ ನೋಡಲ್ಲ ಅನ್ನೋ ಮಾತಿಗೆ ಅಯೋವಾ ರಾಜ್ಯವೇ ಉತ್ತರ. ಅಲ್ಲಿನ ಹೈಸ್ಕೂಲ್ ಹುಡುಗೀರು 1993ರವರೆಗೂ ಆರಾರು ಜನರ ಹಳೇ ಆಟವನ್ನೇ ಆಡಿದರು. ಪತ್ರಿಕೆ, ಟಿವಿ ಬೆನ್ನಿಗಿದ್ದವು, ಕ್ರೀಡಾಂಗಣ ತುಂಬುತ್ತಿತ್ತು. ಅದೇ ರಾಜ್ಯದ ಕೇಟ್ಲಿನ್ ಕ್ಲಾರ್ಕ್ ಆಡಿದ 2024ರ ಎನ್‌ಸಿಎಎ ಮಹಿಳಾ ಫೈನಲ್ ನೋಡಿದವರು 1.87 ಕೋಟಿಗೂ ಹೆಚ್ಚು, ಪುರುಷರದ್ದು ಸುಮಾರು 1.48 ಕೋಟಿ. ಹೀಗಾಗಿದ್ದು ಅದೇ ಮೊದಲು. ಆ ಪಂದ್ಯ ದೊಡ್ಡ ಉಚಿತ ಚಾನೆಲ್‌ನಲ್ಲಿ ಬಂದಿತ್ತು, ಪುರುಷರದ್ದು ಕೇಬಲ್‌ನಲ್ಲಿ. ಕ್ಲಾರ್ಕ್ ಕಾಲೇಜು ಮುಗಿಸಿದ ಮೇಲೆ, 2025ರಲ್ಲಿ, ಮಹಿಳಾ ಫೈನಲ್ ಸುಮಾರು 85 ಲಕ್ಷಕ್ಕೆ ಇಳಿಯಿತು, ಪುರುಷರದ್ದು 1.81 ಕೋಟಿಗೆ ಏರಿತು. ಒಬ್ಬ ತಾರೆಯಿಂದ ಬಂದ ಪ್ರೇಕ್ಷಕರನ್ನು ಉಳಿಸಿಕೊಳ್ಳೋಕೆ ವರ್ಷಾನುಗಟ್ಟಲೆ ಸುದ್ದಿ ಬೇಕು.

ನಮ್ಮೂರಲ್ಲಿ

2017ರ ಜುಲೈನಲ್ಲಿ ಮಹಿಳಾ ಏಷ್ಯಾ ಕಪ್ ನಮ್ಮ ಬೆಂಗಳೂರಲ್ಲೇ ನಡೆಯಿತು. ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿತು. 2019ರಲ್ಲೂ ಟೂರ್ನಿ ಇಲ್ಲಿಗೇ ಬಂತು. ನಮ್ಮಲ್ಲಿ ಎಷ್ಟು ಜನಕ್ಕೆ ಇದು ನೆನಪಿದೆ?

ನಮ್ಮ ಏರಿಯಾದ ಟೂರ್ನಮೆಂಟಿಗೆ ಕಪ್ಪು, ಬ್ಯಾನರು ಕೊಡೋರು ಅಂಗಡಿಯವರೇ. ಮುಂದಿನ ಸಲ ಕೊಡೋ ಮುಂಚೆ ಹುಡುಗೀರ ಫೈನಲ್ ಎಷ್ಟು ಗಂಟೆಗೆ ಅಂತ ಕೇಳಿ. ಯಾರೂ ಇಲ್ಲದ ಬೆಳಗಿನ ಹೊತ್ತಿಗೆ ಇಟ್ಟಿದ್ದರೆ, ಸಂಜೆಗೆ ಹಾಕ್ಸಿ.